ಹಿರಿಯರು ಆಡಿ ನೋಡಿದ ಕೋಲಾಟ

ಹಾಸನದ ನಮ್ಮ ಸಭೆಯಲ್ಲಿ ಆಗ ಒಂದು ಪದ್ಧತಿ ಇತ್ತು. ಚರ್ಚಿನ ಯುವಕ ಸಂಘದವರು ಹೊಸದೊಂದು ಆಟ ಆಡಬೇಕೆಂದರೆ ಸಭೆಯ ಹಿರಿಯರು ಮೊದಲು ಅದನ್ನು ತಾವೇ ಆಡಿ ನೋಡಬೇಕು. ಶನಿವಾರ ಸಂಜೆ, ಚರ್ಚಿನ ಹಿಂದಿನ ಅಂಗಳದಲ್ಲಿ, ಬಂದವರೆಲ್ಲರ ಎದುರಿಗೆ. ಆಟ ಮುಗಿದ ಮೇಲೆ ಅವರು ಒಳಗೆ ಹೋಗಿ, ಬೆವರು ಒರೆಸಿಕೊಂಡು, ಇದು ಹುಡುಗರಿಗೆ ತಕ್ಕದ್ದೋ ಅಲ್ಲವೋ ಎಂದು ತೀರ್ಮಾನಿಸುತ್ತಿದ್ದರು. ನಾಲ್ಕು ಜನರ ಮುಂದೆ ದೊಡ್ಡವರು ನಾಚದೆ ಮಾಡಬಹುದಾದದ್ದನ್ನು ಚಿಕ್ಕವರು ಮಾಡಿದರೆ ತಪ್ಪಿಲ್ಲ ಎಂಬುದು ಇದರ ಹಿಂದಿದ್ದ ವಿಚಾರ. ಪದ್ಧತಿಯನ್ನು ಯಾರು ತಂದರೋ ಗೊತ್ತಿಲ್ಲ. ನನ್ನ ತಂದೆಯವರು ಹುಡುಗರಾಗಿದ್ದಾಗಲೂ ಇತ್ತಂತೆ.

ಕೇರಂ ಬೋರ್ಡು ಹೀಗೆ ಒಪ್ಪಿಗೆ ಪಡೆಯಿತು. ಚೌಕಾಬಾರ ಪಡೆಯಲಿಲ್ಲ. ಕವಡೆ ಕೈಗೆ ಬಂದ ಕೂಡಲೇ ಇಬ್ಬರು ಹಿರಿಯರು ಅದನ್ನು ಎಷ್ಟು ಪಳಗಿದ ಕೈಯಿಂದ ಉರುಳಿಸಿದರೆಂದರೆ ಉಳಿದವರು ಅವರ ಮುಖ ನೋಡಿದರು; ಆಟ ಅಲ್ಲಿಗೇ ನಿಂತಿತು. ಕಬಡ್ಡಿಯಲ್ಲಿ ಒಬ್ಬ ಹಿರಿಯರ ಪಂಚೆ ಎದುರು ಪಕ್ಷದವರ ಕೈಯಲ್ಲಿ ಉಳಿದದ್ದರಿಂದ ಚರ್ಚೆಯ ಅಗತ್ಯವೇ ಬೀಳಲಿಲ್ಲ. ವಾಲಿಬಾಲನ್ನು ಮುಂಗೈ ಊದಿಸಿಕೊಂಡು, ಬೈದುಕೊಂಡು ಒಪ್ಪಿದರು.

ನಾನು ಹೇಳಹೊರಟಿರುವುದು ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದ ಒಂದು ಈಸ್ಟರಿನ ಮಾತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರಿನ ಸಭೆಗಳೂ ಒಬ್ಬರೇ ಅಯ್ಯನವರ ಕೈಕೆಳಗೆ ಇದ್ದವು. ಪಾದ್ರಿಗಳನ್ನು ನಾವು ಅಯ್ಯನವರು ಎಂದೇ ಕರೆಯುತ್ತಿದ್ದುದು. ಈಸ್ಟರಿನ ಮಾರನೆಯ ದಿನ, ಸೋಮವಾರ, ನಾಲ್ಕೂ ಊರಿನವರು ಹೊಳೆನರಸೀಪುರದಲ್ಲಿ ಹೇಮಾವತಿಯ ಮರಳಿನ ಮೇಲೆ ಬುತ್ತಿ ಕಟ್ಟಿಕೊಂಡು ಸೇರುತ್ತಿದ್ದರು. ಆ ದಿನದ ಆಟಪಾಟ ಏನೆಂದು ಗೊತ್ತುಮಾಡುವುದು ಸರದಿಯ ಮೇಲೆ ಒಂದೊಂದು ಊರಿನ ಯುವಕ ಸಂಘದ ಪಾಲಿಗೆ ಬರುತ್ತಿತ್ತು. ಆ ವರ್ಷ ಹಾಸನದ ಸರದಿ. ಹಾಸನದ ಸಂಘಕ್ಕೆ ನಾನು ಕಾರ್ಯದರ್ಶಿ. ಹಗಲು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೆ. ಬಿಡುವಿನಲ್ಲಿ ಮೈಸೂರಿನ ಒಂದು ಪತ್ರಿಕೆಗೆ ಹಾಸನದ ಸುದ್ದಿ ಬರೆದು ಕಳಿಸುತ್ತಿದ್ದೆ.

ಆ ಈಸ್ಟರಿನ ಮೇಲೆ ನನಗೆ ಬೇರೊಂದು ಕಾರಣಕ್ಕೂ ಕಣ್ಣಿತ್ತು. ನನ್ನ ಸೋದರತ್ತೆಯ ಮನೆ ಚನ್ನರಾಯಪಟ್ಟಣದಲ್ಲಿ. ಮಾವ ಅಲ್ಲಿನ ಸಭೆಯ ಉಪದೇಶಿ, ಅಯ್ಯನವರು ಬಾರದ ಭಾನುವಾರಗಳಲ್ಲಿ ಆರಾಧನೆ ನಡೆಸುವವರು. ಅವರ ಮಗಳು ಹಾಸನದ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಪಾಠ ಹೇಳುತ್ತ ಶಾಲೆಯ ಬೋರ್ಡಿಂಗಿನಲ್ಲೇ ಇದ್ದಳು. ಭಾನುವಾರ ಆರಾಧನೆ ಮುಗಿಸಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಳು. ಅವಳು ನನ್ನ ಹೆಂಡತಿಯಾಗುತ್ತಾಳೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರೂ ಹಾಗೆ ಅಂದುಕೊಂಡಿದ್ದರು. ಸೋದರಿಕೆಯ ಮದುವೆ ಅಯ್ಯನವರಿಗೆ ಅಷ್ಟಾಗಿ ಹಿಡಿಸದಿದ್ದರೂ ನಮ್ಮ ಕಡೆ ನಡೆಯುತ್ತಿತ್ತು. ಕ್ರಿಸ್ಮಸಿಗೆ ಬಂದಿದ್ದ ಅತ್ತೆ ಹೊರಡುವಾಗ ನಮ್ಮ ತಾಯಿಯ ಹತ್ತಿರ, "ಈಸ್ಟರಿಗೆ ಹೊಳೆ ಹತ್ರ ಸೇರ್ತೀವಲ್ಲ ಅತ್ತಿಗೆ, ಆವಾಗ ಕೂತು ಮಾತು ಮುಗಿಸ್ಬಿಡಾನ" ಎಂದಿದ್ದರು. ನಾನು ಪಕ್ಕದ ಕೋಣೆಯಲ್ಲಿ ಇದ್ದೆ. ಯಾವ ಮಾತೆಂದು ನನಗೆ ತಿಳಿದಿತ್ತು. ಅವಳಿಗೂ ತಿಳಿದಿತ್ತೆಂದು ಭಾವಿಸಿದ್ದೆ.

ಹೊಸ ವರ್ಷದಲ್ಲಿ ಹುಡುಗರ ಶಾಲೆಗೆ ಅರಕಲಗೂಡಿನಿಂದ ಒಬ್ಬ ಮೇಷ್ಟ್ರು ವರ್ಗವಾಗಿ ಬಂದರು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಸಂಗೀತಗಾರರ ಊರಾದ ರುದ್ರಪಟ್ಟಣದ ಪಕ್ಕದ ಹಳ್ಳಿಯಲ್ಲಿ ಬೆಳೆದವರು. ಅಲ್ಲಿ ಬೆಳಿಗ್ಗೆ ದನ ಹೊಡೆದುಕೊಂಡು ಹೋಗುವಾಗಲೂ ಯಾರದೋ ಮನೆಯ ಗೋಡೆಯಾಚೆಯಿಂದ ಸಂಗೀತದ ಪಾಠ ಕಿವಿಗೆ ಬೀಳುತ್ತಿತ್ತಂತೆ. ಯಾರೂ ಕೂರಿಸಿಕೊಂಡು ಹೇಳಿಕೊಡದೆ ಹಾಡು ಕಲಿತಿದ್ದರು. ಮೊದಲ ಭಾನುವಾರ ಕೀರ್ತನೆಗೆ ಎಲ್ಲರೂ ಎದ್ದು ನಿಂತಾಗ ಹಿಂದಿನ ಬೆಂಚಿನಿಂದ ಆ ಧ್ವನಿ ಬಂತು. ಮುಂದೆ ನಿಂತಿದ್ದ ಹೆಂಗಸರಲ್ಲಿ ನಾಲ್ಕೈದು ಜನ ತಿರುಗಿ ನೋಡಿದರು. ಅವಳು ತಿರುಗಲಿಲ್ಲ. ಆದರೆ ಹಾಡುವುದನ್ನು ನಿಲ್ಲಿಸಿ ಕೇಳುತ್ತ ನಿಂತಳು. ತಿರುಗಿದ್ದರೆ ನನಗೆ ಅಷ್ಟು ಕೆಡುಕೆನಿಸುತ್ತಿರಲಿಲ್ಲ.

ನನಗೆ ಹಾಡು ಬರುತ್ತಿರಲಿಲ್ಲ. ಸಾಲಗಾಮೆಯ ನನ್ನ ತಾತ ಗಾಡಿ ಹೊಡೆಯುತ್ತಿದ್ದವರು. ಎತ್ತಿಗೆ ಕೇಳಿಸುವಷ್ಟು ಗಂಟಲು ನಮ್ಮ ವಂಶಕ್ಕೆ ಬಂದಿತ್ತು, ಅದಕ್ಕಿಂತ ಹೆಚ್ಚಿಗೆ ಇಲ್ಲ.

ಜನವರಿಯ ಕೊನೆಯಲ್ಲಿ ಸಂಘದ ಸಭೆ ಸೇರಿತು. ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸಕಾಲ, ಅಂದರೆ ಶ್ರಮದ ದಿನಗಳು, ಬರುವುದರೊಳಗೆ ಈಸ್ಟರ್ ಸೋಮವಾರದ ಆಟ ಗೊತ್ತಾಗಬೇಕು, ಹಿರಿಯರ ಪರೀಕ್ಷೆಯೂ ಮುಗಿಯಬೇಕು. ಹೆಣ್ಣುಮಕ್ಕಳು ಕಿಟಕಿ ಕಡೆ, ನಾವು ಬಾಗಿಲ ಕಡೆ. ನಾನು ಬಾಲ್ ಬ್ಯಾಡ್ಮಿಂಟನ್ ಸೂಚಿಸಿದೆ. ಹಿಂದೆಯೇ ಒಪ್ಪಿಗೆಯಾದ ಆಟ. ನಾಲ್ಕೂ ಊರಿನಲ್ಲಿ ಆಡುವವರಿದ್ದಾರೆ. ಜಗಳಕ್ಕೆ ಆಸ್ಪದ ಕಡಿಮೆ. ಇಷ್ಟು ಹೇಳಿ ಕೂತೆ.

ಅವಳು ಎದ್ದು ನಿಂತಳು. "ಭಾವ, ಅದ್ರಲ್ಲಿ ನಾವೇನ್ ಮಾಡ್ಬೇಕು?"

"ನೋಡ್ಬಹುದಲ್ಲ" ಎಂದ ಒಬ್ಬ ಹುಡುಗ.

"ವರ್ಷಾ ವರ್ಷಾ ನೋಡಿದ್ದಾಯ್ತು. ನೀವು ಆಡೋದು, ನಾವು ಕರ್ಬೂಜ ಹೆಚ್ಚಿ ಹೆಚ್ಚಿ ಕೊಡೋದು. ಹೋದ ಈಸ್ಟರಲ್ಲಿ ಹೆಚ್ಚಿ ಹೆಚ್ಚಿ ನನ್ ಬೆರಳೇ ಕುಯ್ಕೊಂಡೆ."

"ಅದ್ಕೇ ಆವತ್ತು ಕರ್ಬೂಜ ಅಷ್ಟು ಕೆಂಪಗಿತ್ತಾ?" ಎಂದು ಅವನೇ ಅಂದ. ಎಲ್ಲರೂ ನಕ್ಕರು.

ನಗು ನಿಂತ ಮೇಲೆ ಮೇಷ್ಟ್ರು, "ಸೆಕ್ರೆಟ್ರಿಗಳು ಅಪ್ಪಣೆ ಕೊಟ್ರೆ ಒಂದು ಮಾತು" ಎಂದರು. "ಕೋಲಾಟ ಯಾಕಾಗಬಾರದು? ಎಲ್ರೂ ಆಡಬಹುದು. ನಮ್ಮ ಕೀರ್ತನೆಯ ಧಾಟಿಗೇ ಹೆಜ್ಜೆ ಕೂರಿಸಬಹುದು. ನಾನು ಹೇಳಿಕೊಡ್ತೀನಿ."

ಅವಳು ಕಿಟಕಿಯ ಕಡೆಯಿಂದ, "ಆಗಲಿ ಮೇಷ್ಟ್ರೇ" ಎಂದಳು. ನನ್ನನ್ನು ಭಾವ ಎಂದು ಕರೆದದ್ದೂ ಅದೇ ಬಾಯಿ. ಅಲ್ಲಿಯವರೆಗೆ ಆ ಎರಡು ಅಕ್ಷರ ನನ್ನ ಸ್ವತ್ತು ಎಂದುಕೊಂಡಿದ್ದೆ. ಆ ಸಂಜೆ ಅದು ಮನೆಯಲ್ಲಿ ಸದಾ ಕಣ್ಣಿಗೆ ಬೀಳುವ ಒಂದು ಪಾತ್ರೆಯನ್ನು ಕರೆದ ಹಾಗೆ ಕೇಳಿಸಿತು.

ಕೋಲಾಟ ಗೊತ್ತಿಲ್ಲದವರಿಗೆ ಒಂದು ಮಾತು. ಎಲ್ಲರೂ ಒಂದು ಸುತ್ತಾಗಿ ಜೋಡಿ ಜೋಡಿಯಾಗಿ ಎದುರುಬದುರು ನಿಲ್ಲುತ್ತಾರೆ. ಎದುರಿನವರ ಕೋಲಿಗೆ ತಮ್ಮ ಕೋಲು ತಟ್ಟಿ, ಹಾಡಿನ ಸಾಲು ಮುಗಿಯುತ್ತಲೇ ಸರಿದು ಮುಂದಿನವರ ಎದುರಿಗೆ ಬರುತ್ತಾರೆ. ಹಾಡು ಮುಗಿಯುವ ಹೊತ್ತಿಗೆ ಒಬ್ಬೊಬ್ಬರೂ ಹಲವರ ಎದುರಿಗೆ ನಿಂತು ಬಂದಿರುತ್ತಾರೆ. ಯಾರ ಎದುರಿಗೂ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಇದೆಲ್ಲ ನನಗೂ ಗೊತ್ತಿತ್ತು. ಆದರೂ ಆಗ ನನ್ನ ಕಣ್ಣ ಮುಂದೆ ಬಂದದ್ದು ಎರಡೇ ಜೊತೆ ಕೋಲು.

ಆಕ್ಷೇಪಣೆಗಳನ್ನು ಒಂದೊಂದಾಗಿ ಹೇಳಿದೆ. ಕೋಲಾಟ ದೇವಸ್ಥಾನದ ಉತ್ಸವಗಳಲ್ಲಿ ಆಡುವುದು, ಊರಿನವರು ಏನೆಂದುಕೊಂಡಾರು? ಹೊಳೆಯ ದಂಡೆ ಬಯಲು. ಹೋಗಿಬರುವವರೆಲ್ಲ ನಿಂತು ನೋಡುತ್ತಾರೆ. ವಯಸ್ಸಿಗೆ ಬಂದ ಹುಡುಗ ಹುಡುಗಿಯರು ಎದುರುಬದುರು ನಿಂತು ಕುಣಿದರೆ ನಾಲ್ಕೂ ಊರಿನ ತಂದೆತಾಯಿಗಳಿಗೆ ಉತ್ತರ ಹೇಳುವವರು ಯಾರು? ಮೂರೂ ಒಪ್ಪುವ ಮಾತುಗಳೇ. ಕಾರ್ಯದರ್ಶಿಯಾದವನು ಹೇಳಬೇಕಾದವೇ. ಅಸೂಯೆಗೆ ಎಂದೂ ಕಾರಣಗಳ ಬರ ಬಂದದ್ದನ್ನು ನಾನು ಕಂಡಿಲ್ಲ.

ಮೇಷ್ಟ್ರು ವಾದಕ್ಕೆ ಇಳಿಯಲಿಲ್ಲ. "ಹಿರಿಯರು ಆಡಿ ನೋಡ್ತಾರಂತಲ್ಲ ಈ ಊರಲ್ಲಿ? ಅವರೇ ಹೇಳಲಿ" ಎಂದರು. ಕೈ ಎತ್ತಿಸಿದಾಗ ಹೆಣ್ಣುಮಕ್ಕಳೆಲ್ಲ ಅವರ ಕಡೆ. ಹುಡುಗರಲ್ಲಿಯೂ ಹೆಚ್ಚಿನವರು, ಕಾರಣ ಹೇಳಬೇಕಾಗಿಲ್ಲ, ಅವರ ಕಡೆ.

ಇಲ್ಲಿ ಒಂದು ತೊಡಕು ಹುಟ್ಟಿತು. ಅದುವರೆಗೆ ಹಿರಿಯರು ಆಡಿ ನೋಡಿದ್ದೆಲ್ಲ ಗಂಡಸರ ಆಟ. ಗಂಡಸರು ಹೆಂಗಸರು ಕೂಡಿ ಆಡುವ ಆಟವನ್ನು ಪರೀಕ್ಷಿಸುವುದು ಹೇಗೆ? ಅಯ್ಯನವರು ಒಂದು ವಾರ ಯೋಚಿಸಿ, ಪದ್ಧತಿ ಎಂದರೆ ಪದ್ಧತಿ, ಹಿರಿಯರ ಹೆಂಡಂದಿರೂ ಆಡಲಿ ಎಂದು ಹೇಳಿದರು. ಈ ಮಾತು ಹಬ್ಬಿದ್ದೇ ತಡ, ಆ ಶನಿವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಹಿರಿಯರಲ್ಲಿ ದೊಡ್ಡವರೆಂದರೆ ಅರಣ್ಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನೆಟ್ಟಗೆ ನಿಂತು, ಅಳೆದು ಮಾತಾಡುವ ಮನುಷ್ಯ. ಅವರ ಹೆಂಡತಿ ದಪ್ಪನೆಯ, ಮೆತ್ತಗಿನ ಹೆಂಗಸು. ಚರ್ಚಿನಲ್ಲಿ ಅವರ ಧ್ವನಿಯನ್ನು ನಾನು ಕೇಳಿದ್ದೇ ಇಲ್ಲ. ಇನ್ನೊಬ್ಬ ಹಿರಿಯರು ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ದರ್ಜಿ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ತಮಾಷೆಯ ಮನುಷ್ಯ. ಉಳಿದ ಹಿರಿಯರು, ಅವರವರ ಹೆಂಡಂದಿರು, ಅಯ್ಯನವರ ಮನೆಯ ಅಮ್ಮನವರು ಸೇರಿ ಸುತ್ತು ಪೂರ್ತಿಯಾಯಿತು. ಮೇಷ್ಟ್ರು ಒಂದು ಪಕ್ಕ ನಿಂತು ಹಾಡು ಎತ್ತಿಕೊಂಡರು.

ಮೊದಲ ಎರಡು ಸಾಲು ಯಾರ ಕೋಲೂ ಯಾರದಕ್ಕೂ ತಾಗಲಿಲ್ಲ. ಮೂರನೆಯ ಸಾಲಿಗೆ ದೊಡ್ಡ ಹಿರಿಯರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೊಳೆನರಸೀಪುರದ ತವರಿನಲ್ಲಿ, ಹುಡುಗಿಯಾಗಿದ್ದಾಗ ಅವರು ಕೋಲಾಟ ಆಡುತ್ತಿದ್ದರೆಂದು ಆಮೇಲೆ ತಿಳಿಯಿತು. ಆ ಮೈ ಅಷ್ಟು ಹಗುರಾಗಿ ಹೇಗೆ ತಿರುಗಿತೋ ಹೇಳಲಾರೆ. ಸರಿಯುತ್ತ ಸರಿಯುತ್ತ ಅವರು ದರ್ಜಿಯ ಎದುರಿಗೆ ಬಂದರು.

"ಅಕ್ಕಾ, ವಸಿ ಮೆಲ್ಲುಕ್ ಒಡೀರಿ. ಈ ಬೆರಳೇ ನನ್ ಅನ್ನ ಕಣಕ್ಕಾ" ಎಂದರು ದರ್ಜಿ.

"ಬೆರಳು ಒಳಿಕ್ ಮಡೀಕಳಿ ಮತ್ತೆ! ಸೂಜಿ ಇಡ್ದಂಗೆ ಇಡ್ಕಂಡ್ರೆ ಕೋಲು ನಿಂತದಾ?" ಎಂದು ಅವರು ನಕ್ಕರು. ಬಾಯ್ತುಂಬ ನಗು. ನೋಡುತ್ತಿದ್ದವರೂ ನಕ್ಕರು. ಎರಡನೆಯ ಸಲ ಅವರಿಬ್ಬರೂ ಎದುರಾದಾಗ ದರ್ಜಿ ಬೇಕೆಂದೇ ತಲೆ ತಗ್ಗಿಸಿ ಕೋಲು ಎತ್ತಿ ಹಿಡಿದರು. ಆಕೆ ಅದನ್ನು ಎರಡು ಬಾರಿ ತಟ್ಟಿ ಮುಂದಕ್ಕೆ ಹೋದರು.

ದೊಡ್ಡ ಹಿರಿಯರ ತಾಳ ತಪ್ಪಿತು. ಅವರ ಎದುರಿಗೆ ನಿಂತಿದ್ದ ಅಮ್ಮನವರು ಕೋಲು ಚಾಚಿ ಕಾಯುತ್ತಿದ್ದರೆ, ಅವರು ಸುತ್ತಿನ ಆಚೆ ಬದಿಯನ್ನು ನೋಡುತ್ತಿದ್ದರು. ಮೊಮ್ಮಕ್ಕಳನ್ನು ಕಂಡ ಮನುಷ್ಯ. ಮುಖದಲ್ಲಿ ಕೋಪವಿರಲಿಲ್ಲ. ದವಡೆ ಬಿಗಿದಿತ್ತು, ಕಣ್ಣು ಒಂದೇ ಕಡೆ ನೆಟ್ಟಿತ್ತು, ಕಿವಿಗಳು ನಗು ಯಾವ ಕಡೆಯಿಂದ ಬರುತ್ತಿದೆ ಎಂದು ಆಲಿಸುತ್ತಿದ್ದವು. ಆ ಮುಖವನ್ನು ನಾನು ಕೆಲವು ವಾರಗಳಿಂದ ಕ್ಷೌರದ ಕನ್ನಡಿಯಲ್ಲಿ ನೋಡುತ್ತಿದ್ದೆ.

ಒಳಗೆ ಹಿರಿಯರು ಸೇರಿದಾಗ ಕಾರ್ಯದರ್ಶಿಯಾಗಿ ನಾನೂ ಬಾಗಿಲ ಬಳಿ ಕೂತಿದ್ದೆ. ದೊಡ್ಡ ಹಿರಿಯರು ಮೊದಲು ಮಾತಾಡಿದರು. ದೇವಸ್ಥಾನದ ಉತ್ಸವ, ಬಯಲಿನ ಜಾಗ, ತಂದೆತಾಯಿಗಳಿಗೆ ಉತ್ತರ. ನಾನು ಹೇಳಿದ್ದ ಮೂರು ಮಾತೂ ಅದೇ ಕ್ರಮದಲ್ಲಿ ಬಂದವು. ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ.

"ಏನಣ್ಣ ಇಂಗಂತೀರ, ಆಟ ಚೆಂದಾಗಿತ್ತಲ್ಲ?" ಎಂದರು ದರ್ಜಿ.

"ಚೆಂದಾಗಿತ್ತು. ಅದ್ನೇ ನಾನು ಏಳ್ತಿರೋದು."

ಯಾರೂ ನಗಲಿಲ್ಲ. ದರ್ಜಿ ತಮ್ಮ ಬೆರಳು ನೋಡಿಕೊಂಡರು. ಅಯ್ಯನವರು, "ಹೆಂಗಸರು ತುಂಬ ಸಂತೋಷಪಟ್ಟರು. ಅದನ್ನ ಇಲ್ಲ ಅನ್ನೋಕೆ ನನಗೆ ಮನಸ್ಸಿಲ್ಲ" ಎಂದರು. ಆಗ ದೊಡ್ಡ ಹಿರಿಯರೇ ಒಂದು ದಾರಿ ಹೇಳಿದರು: "ಆಡ್ಲಿ. ಎರಡು ಸುತ್ತು ಮಾಡಿ. ಗಂಡು ಹುಡುಗ್ರುದ್ದು ಒಂದು, ಹೆಣ್ಮಕ್ಕಳುದ್ದು ಒಂದು. ನಡುವೆ ಜಾಗ ಬಿಡಿ."

ಅಯ್ಯನವರು ನನ್ನ ಕಡೆ ನೋಡಿದರು. "ಒಳ್ಳೆಯ ಸಲಹೆ" ಎಂದೆ. ನನಗೂ ದೊಡ್ಡ ಹಿರಿಯರಿಗೂ ಒಟ್ಟಿಗೇ ನಿರಾಳವಾಯಿತು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಾನು ಬಹಳ ಗೆಲುವಾಗಿದ್ದೆ.

ಅಭ್ಯಾಸ ಶುರುವಾದ ದಿನವೇ ಆ ಗೆಲುವು ಹೋಯಿತು. ಎರಡು ಸುತ್ತಿಗೆ ಹಾಡು ಒಂದೇ. ಎರಡೂ ಕಡೆಗೆ ಕೇಳಬೇಕೆಂದರೆ ಹಾಡುವವರು ನಡುವೆ ಬಿಟ್ಟ ಜಾಗದಲ್ಲಿ ನಿಲ್ಲಬೇಕು. ಮೇಷ್ಟ್ರು ಅಲ್ಲಿ ನಿಂತರು. ಹಿರಿಯರು ಆಡಿದಾಗ ಪಕ್ಕದಲ್ಲಿ ನಿಂತು ಹಾಡಿದ್ದ ಮನುಷ್ಯನನ್ನು ನಾವು, ಅಂದರೆ ದೊಡ್ಡ ಹಿರಿಯರೂ ನಾನೂ, ತಂದು ನಟ್ಟನಡುವೆ ನಿಲ್ಲಿಸಿದ್ದೆವು. ತಾಳ ಹಾಕುವವರು ಅವರು. ಹೆಜ್ಜೆ ಬದಲಾಯಿಸುವ ಸನ್ನೆ ಮಾಡುವವರು ಅವರು. ಆದ್ದರಿಂದ ಹೆಣ್ಣುಮಕ್ಕಳ ಸುತ್ತಿನಲ್ಲಿ ಯಾರು ಆ ಬದಿಗೆ ಬಂದರೂ ಅವರ ಮುಖ ನೋಡಲೇಬೇಕು. ಅದು ಆಟದ ಶಿಸ್ತು. ಅದಕ್ಕೆ ಯಾರೂ ಆಕ್ಷೇಪಣೆ ಎತ್ತುವಂತಿರಲಿಲ್ಲ.

ನಾನು ಗಂಡು ಹುಡುಗರ ಸುತ್ತಿನಲ್ಲಿ ಇದ್ದೆ. ಸುತ್ತು ತಿರುಗುವಾಗ ಅರ್ಧ ದಾರಿ ಅವಳ ಕಡೆ ನನ್ನ ಮುಖ, ಅರ್ಧ ದಾರಿ ಬೆನ್ನು. ಬೆನ್ನು ತಿರುಗಿದ್ದಾಗ ಅವಳು ನಕ್ಕಳೆ, ಅವರು ತಲೆಯಾಡಿಸಿದರೆ ಎಂದು ಕಿವಿಯಿಂದಲೇ ತಿಳಿಯಬೇಕಿತ್ತು. ಮುಖ ತಿರುಗಿದಾಗ ಕಂಡದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಅವರು ಅವಳ ಕಡೆ ಉಳಿದವರ ಕಡೆಗಿಂತ ಹೆಚ್ಚು ನೋಡಲಿಲ್ಲ. ಕಡಿಮೆ ನೋಡಿದರು. ಅವಳು ಎದುರಿಗೆ ಬಂದಾಗ ಮಾತ್ರ ಅವರ ಕಣ್ಣು ನೆಲಕ್ಕೆ ಹೋಗುತ್ತಿತ್ತು. ಆಗ ಒಂದು ಸಲ ನನ್ನ ಎದುರಿನ ಹುಡುಗನ ಕೋಲು ನೇರವಾಗಿ ಬಂದು ನನ್ನ ಗೆಣ್ಣಿಗೆ ಬಿತ್ತು.

"ಕಣ್ಣೆಲ್ಲಣ್ಣ ಮಡಗಿದ್ದೀಯ? ಕೋಲು ನಂತಾವ ಅದೆ!" ಎಂದು ಅವನು ಕೂಗಿದ.

ಹಾಡು ನಿಂತಿತು. ಮೇಷ್ಟ್ರು ಓಡಿಬಂದು ನನ್ನ ಕೈ ಹಿಡಿದು ನೋಡಿದರು. "ಊದ್ಕೊಂಡಿದೆಯಲ್ಲ ಸೆಕ್ರೆಟ್ರಿಗಳೇ. ಇವತ್ತಿಗೆ ಸಾಕು ಮಾಡೋಣ" ಎಂದು, ತಾವೇ ಹೋಗಿ ತಣ್ಣೀರು ಬಟ್ಟೆ ತಂದು ಕಟ್ಟಿದರು. ಅವರು ಒಳ್ಳೆಯವರಾಗಿದ್ದರು. ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು.

ಭಾನುವಾರದ ಊಟಕ್ಕೆ ಅವಳು ಬರುತ್ತಲೇ ಇದ್ದಳು. ಅಡುಗೆಮನೆಯಲ್ಲಿ ನಮ್ಮ ತಾಯಿಗೆ ಕಾಯಿ ತುರಿದುಕೊಡುತ್ತ ಹೊಸ ಹೆಜ್ಜೆಯ ಧಾಟಿಯನ್ನು ಗುನುಗುತ್ತಿದ್ದಳು. ತಾಯಿ, "ಇನ್ನೊಂದ್ಸಲ ಏಳವ್ವ ಅದ್ನ, ಚೆಂದಾಗದೆ" ಎನ್ನುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ. ಯುದ್ಧದ ಸುದ್ದಿ ಪುಟದ ತುಂಬ ಇರುತ್ತಿತ್ತು. ಒಂದು ಭಾನುವಾರವೂ ಎದ್ದು ಒಳಗೆ ಹೋಗಿ ಅವಳನ್ನು ಏನನ್ನೂ ಕೇಳಲಿಲ್ಲ. ಈಸ್ಟರಿಗೆ ದೊಡ್ಡವರು ಮಾತು ಮುಗಿಸುತ್ತಾರೆ, ನಡುವೆ ನಾನು ಕೇಳುವುದೇನಿದೆ ಎಂದುಕೊಂಡಿದ್ದೆ.

ಈಸ್ಟರ್ ಸೋಮವಾರ ಬೆಳಗಿನ ರೈಲಿಗೆ ಹಾಸನದವರೆಲ್ಲ ಹೊರಟೆವು. ಅರಕಲಗೂಡಿನವರು ಎತ್ತಿನ ಗಾಡಿಗಳಲ್ಲಿ ಬಂದಿದ್ದರು. ಪೆಟ್ರೋಲು ಸಿಗದ ಆ ಕಾಲದಲ್ಲಿ ಚನ್ನರಾಯಪಟ್ಟಣದವರು ಹತ್ತಿಬಂದ ಇದ್ದಿಲು ಗ್ಯಾಸಿನ ಬಸ್ಸು ದಾರಿಯಲ್ಲಿ ಒಂದು ಏರಿನ ಹತ್ತಿರ ನಿಂತು, ಗಂಡಸರೆಲ್ಲ ಇಳಿದು ತಳ್ಳಿದರಂತೆ. ಮಾವನ ಬಿಳಿ ಕೋಟಿಗೆ ಮಸಿ ಹತ್ತಿತ್ತು. ಹೊಳೆಯಲ್ಲಿ ನೀರು ಸಣ್ಣಗೆ ಒಂದು ಬದಿಗೆ ಹರಿಯುತ್ತಿತ್ತು. ಉಳಿದದ್ದೆಲ್ಲ ಮರಳು. ಪ್ರಾರ್ಥನೆಯಾಯಿತು. ಬುತ್ತಿ ಬಿಚ್ಚುವ ಮೊದಲು ಕೋಲಾಟ.

ಆಟ ಚೆನ್ನಾಗಿ ನಡೆಯಿತು. ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು, ಊರೊಳಗಿನಿಂದ ಬಂದವರು ಸಾಲಾಗಿ ನಿಂತು ನೋಡಿದರು. ನಾನು ಹೆದರಿಸಿದ್ದಂತೆ ಯಾರೂ ಏನೂ ಅನ್ನಲಿಲ್ಲ. ಅರಕಲಗೂಡಿನ ಹುಡುಗರು, "ನಮ್ಮೂರ್ ಕಡೇರು ಕಣ್ರಲಾ ಆಡ್ ಏಳ್ತಿರೋರು!" ಎಂದು ಸಿಕ್ಕಿದವರಿಗೆಲ್ಲ ಸಾರುತ್ತಿದ್ದರು. ಮಾವ ಛತ್ರಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಬಿಸಿಲನ್ನು ಮರೆತು, ನಡುವೆ ನಿಂತು ಹಾಡುತ್ತಿದ್ದ ಮನುಷ್ಯನನ್ನೇ ನೋಡುತ್ತಿದ್ದರು. ನಾನು ಸುತ್ತು ತಿರುಗುತ್ತ ಮಾವನನ್ನು ನೋಡುತ್ತಿದ್ದೆ. ಬೆನ್ನು ತಿರುಗಿದಾಗ ಮರಳು ನೋಡುತ್ತಿದ್ದೆ.

ಊಟವಾದ ಮೇಲೆ ಕೈ ತೊಳೆಯಲು ನೀರಿನ ಅಂಚಿಗೆ ಹೋದೆ. ಅವಳು ಒಂದು ತಂಬಿಗೆ ಹಿಡಿದು ಹಿಂದೆಯೇ ಬಂದಳು.

"ಭಾವ, ಅಮ್ಮಂಗೆ ಬೆಳಿಗ್ಗೆನೇ ಹೇಳ್ಬಿಟ್ಟಿದೀನಿ. ನೀನು ಬೇರೆಯವರ ಬಾಯಿಂದ ಕೇಳ್ಬಾರದು ಅಂತ ಬಂದೆ."

"ಮೇಷ್ಟ್ರು ಕೇಳಿದ್ರಾ?"

"ಇಲ್ಲ. ಅವ್ರು ಇವತ್ತಿನವರೆಗೂ ನನ್ ಹತ್ರ ತಾಳದ ಮಾತು ಬಿಟ್ಟು ಒಂದು ಮಾತೂ ಆಡಿಲ್ಲ. ನಾನೇ ಹೇಳಿದ್ದು."

ನಾನು ಕೈ ತೊಳೆಯುತ್ತಲೇ ಇದ್ದೆ. ಅವಳು ತಂಬಿಗೆಯನ್ನು ನೀರಿಗೆ ಅದ್ದಿದಳು.

"ಎರಡು ಸುತ್ತು ಮಾಡಿ ಅಂತ ಹೇಳಿದ್ರಲ್ಲ, ಒಂದೇ ಸುತ್ತಾಗಿದ್ರೆ ಎಲ್ರ ಕೋಲೂ ತಟ್ಟಿಕೊಂಡು ಮುಂದೆ ಹೋಗ್ತಿದ್ದೆ ಭಾವ. ಅವ್ರ ಎದುರಿಗೆ ಒಂದು ಸಾಲು, ನಿನ್ನ ಎದುರಿಗೆ ಒಂದು ಸಾಲು. ನೀವು ಅವ್ರನ್ನ ನಡುವೆ ನಿಲ್ಸಿದ್ರಿ. ಇಷ್ಟು ವಾರ ನಾನು ಇನ್ಯಾರನ್ನ ನೋಡ್ಲಿ?"

ಅದನ್ನು ಚುಚ್ಚಲೆಂದು ಹೇಳಲಿಲ್ಲ. ನಡೆದದ್ದನ್ನು ಹೇಳಿದಳು. "ನೀನಾದ್ರೂ ಒಂದು ದಿನ ಏನಾದ್ರೂ ಕೇಳ್ತೀಯ ಅಂದ್ಕೊಂಡಿದ್ದೆ. ಭಾನುವಾರ ಪೂರ್ತಿ ಪೇಪರ್ ಓದ್ತಿದ್ದೆ" ಎಂದು ತಂಬಿಗೆ ಎತ್ತಿಕೊಂಡು ಹೆಂಗಸರ ಗುಂಪಿನ ಕಡೆ ಹೋದಳು.

ನಾನು ವಾಪಸು ಬರುವಷ್ಟರಲ್ಲಿ ಮಾವ ಎದುರಾದರು. ಅತ್ತೆ ಅವರಿಗೆ ಹೇಳಿಯಾಗಿತ್ತು. ಅವರ ಮುಖದಲ್ಲಿ ಮುಜುಗರವೂ ಇತ್ತು, ಮುಚ್ಚಿಟ್ಟುಕೊಳ್ಳಲಾಗದ ಉತ್ಸಾಹವೂ ಇತ್ತು. ನನ್ನ ಹೆಗಲ ಮೇಲೆ ಕೈ ಇಟ್ಟರು.

"ನಿನ್ನ ಹತ್ರ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ ಕಣಯ್ಯ. ನಿಮ್ಮಮ್ಮನ ಹತ್ರ ನಿಮ್ಮತ್ತೆ ಮಾತಾಡ್ತಾಳೆ. ಮಗು ಮನಸ್ಸು ಹಾಗಿದೆ ಅಂದ್ಮೇಲೆ…"

"ಪರವಾಗಿಲ್ಲ ಮಾವ."

"ಆ ಹುಡುಗನಿಗೆ ಹಾಸನದಲ್ಲಿ ದೊಡ್ಡೋರು ಅಂತ ಯಾರೂ ಇಲ್ಲವಂತೆ. ನಾನೇ ಹೋಗಿ ಕೇಳಿ, ಅವನು ಒಲ್ಲೆ ಅಂದ್ರೆ ಮರ್ಯಾದೆ ಪ್ರಶ್ನೆ. ನೀನಾದ್ರೆ ಸಂಘದವನು, ಅವನ ಜೊತೆಯವನು. ಒಂದ್ಮಾತು ಮನಸ್ಸು ತಿಳ್ಕೊಂಡ್ ಬಂದ್ಬಿಡಯ್ಯ."

ಅವರಿಗೆ ಆ ಕೆಲಸಕ್ಕೆ ನನಗಿಂತ ತಕ್ಕವನು ಕಾಣಲಿಲ್ಲ. ಯೋಚಿಸಿದರೆ ನನಗೂ ಕಾಣಲಿಲ್ಲ.

ಮೇಷ್ಟ್ರು ಗಾಡಿಯ ನೆರಳಿನಲ್ಲಿ ಒಬ್ಬರೇ ಕೂತು ಕರ್ಬೂಜ ತಿನ್ನುತ್ತಿದ್ದರು. ಹಾಡಿ ಹಾಡಿ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ನಾನು ಪಕ್ಕದಲ್ಲಿ ಕೂತು, ಚನ್ನರಾಯಪಟ್ಟಣದ ಉಪದೇಶಿಗಳ ಮನೆಯವರಿಗೆ ಇಂಥ ಯೋಚನೆ ಇದೆ, ತಮ್ಮ ಅಭಿಪ್ರಾಯ ಏನು ಎಂದು ಕೇಳಿದೆ. ಸುದ್ದಿ ಓದಿ ಹೇಳಿದಂತೆ ಹೇಳಿದೆ. ಅವರ ಕೈಯ ಹೋಳು ಹಾಗೇ ನಿಂತಿತು.

"ಅವ್ರು… ನಿಮಗೆ ಅಂತ ನಿಶ್ಚಯವಾಗಿದೆ ಅಂದ್ರಲ್ಲ? ನಾನು ಬಂದ ಮೊದಲ ವಾರವೇ ಯಾರೋ ಹೇಳಿದ್ರು" ಎಂದರು, ಪಿಸುದನಿಯಲ್ಲಿ. "ಅದಕ್ಕೇ ನಾನು ಆ ಕಡೆ ತಲೆಯೆತ್ತಿ ನೋಡಲಿಲ್ಲ. ನಿಜ ಹೇಳಿ. ನಿಮಗೆ ಅಂತ ಇದೆಯಾ?"

ಅವರು ಕೇಳಿದ್ದು ನೇರವಾದ ಪ್ರಶ್ನೆ. ಹೌದು ಎಂದಿದ್ದರೆ ಅವರು ಅಲ್ಲಿಗೇ ಎದ್ದುಹೋಗುತ್ತಿದ್ದರು. ಮಾವನಿಗೆ ಒಲ್ಲೆ ಎಂಬ ಉತ್ತರ ಹೋಗುತ್ತಿತ್ತು. ಅವಳು ಒಂದು ವರ್ಷ, ಎರಡು ವರ್ಷ ಕಾಯ್ದು, ದೊಡ್ಡವರು ಹೇಳಿದಂತೆ ನಮ್ಮ ಮನೆಗೇ ಬಂದರೂ ಬರುತ್ತಿದ್ದಳು. ಇದನ್ನೆಲ್ಲ ನಾನು ಆಮೇಲೆ ಕೂತು ಯೋಚಿಸಿದ್ದಲ್ಲ. ಅವರು ನನ್ನ ಮುಖ ನೋಡುತ್ತ ಕಾದಿದ್ದ ಆ ಹೊತ್ತಿನಲ್ಲೇ ಒಂದೂ ಬಿಡದೆ ಲೆಕ್ಕ ಹಾಕಿದೆ. ನೀರಿನ ಹತ್ತಿರ ಅವಳು ಹೇಳಿದ್ದೂ ಕಿವಿಯಲ್ಲಿತ್ತು.

"ಇಲ್ಲ" ಎಂದೆ.

"ನಿಜವಾಗಿಯೂ?"

"ಅದು ಜನ ಅಂದುಕೊಂಡ ಮಾತು. ಯಾರೂ ಕೇಳಿದ್ದಲ್ಲ, ಯಾರೂ ಒಪ್ಪಿದ್ದಲ್ಲ."

ಅವರು ಹೋಳನ್ನು ಮರಳಿನ ಮೇಲೆ ಇಟ್ಟು, ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. ಬೆರಳೆಲ್ಲ ಹಣ್ಣಿನ ರಸದಿಂದ ಅಂಟಂಟಾಗಿತ್ತು. ಒಬ್ಬ ಮನುಷ್ಯನ ಮುಖ ಸಂತೋಷದಿಂದ ಹೇಗಾಗುತ್ತದೆ ಎಂಬುದನ್ನು ಅಷ್ಟು ಹತ್ತಿರದಿಂದ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನೋಡಲು ಕಷ್ಟವಾಯಿತು. ಆದರೂ ಕಣ್ಣು ತೆಗೆಯಲಿಲ್ಲ. ಮಾವ ಆ ಕಡೆ ಛತ್ರಿ ಬಿಚ್ಚಿಕೊಂಡು ನಿಂತಿದ್ದರು. ಅವರಿಗೆ ಈ ಉತ್ತರವನ್ನು ನಾನು ಸರಿಯಾಗಿ ತಲುಪಿಸಬೇಕಿತ್ತು.